ಕತ್ತರಿಸಿದ ಕಡೆಯ ನುಡಿ

ಲುಂಬಿನಿಯ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅದು ಊರಿಗೆಲ್ಲ ಗೊತ್ತು. ಆದರೆ ಅವತ್ತು ಬೆಳಗ್ಗೆ ಪ್ಯಾಸೆಂಜರ್ ಗಾಡಿ ಚಿತ್ತಾಪುರ ಬಿಟ್ಟು ಹತ್ತು ನಿಮಿಷವಾಗಿರಲಿಲ್ಲ, ಸಿಟ್ಟು ನೇರ ನೆತ್ತಿಗೇ ಏರಿ ಕೂತಿತು. ಎದುರು ಸೀಟಿನಲ್ಲಿ ಕುಳಿತಿದ್ದ ಹಣಮಪ್ಪ ಮಾಸ್ತರರು ಪೇಪರು ಮಡಿಚಿಟ್ಟು ಬೇರೆ ಸೀಟಿಗೆ ಹೋದರು.

ಅವಳು ಶಹಾಬಾದಿನವಳು. ದಿನಾ ವಾಡಿಯಲ್ಲಿ ಗಾಡಿ ಬದಲಿಸಿ ಸೇಡಂಗೆ ಹೋಗುತ್ತಾಳೆ, ಅಲ್ಲಿ ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ. ಗೆಳತಿ ನಾಹಿದ ಚಿತ್ತಾಪುರದಲ್ಲಿ ಹತ್ತುತ್ತಾಳೆ, ಲ್ಯಾಬಿನ ಪಕ್ಕದ ಔಷಧಿ ಅಂಗಡಿಯಲ್ಲಿ ಅವಳ ಕೆಲಸ. ಇಬ್ಬರ ನಡುವೆ ಒಂದೇ ಇಯರ್‌ಫೋನು, ಕಿವಿಗೊಂದು ತುದಿ. ಇಬ್ಬರಿಗೂ ಒಂದೇ ಹುಚ್ಚು, ಯಾರೂ ಕೇಳದವರ ಹಾಡು ಹುಡುಕಿ ಕೇಳುವುದು. ಚಿಲಿ ದೇಶದ ಯಾವಳೋ ನರ್ಸು ಬಚ್ಚಲಮನೆಯಲ್ಲಿ ನಿಂತು ಹಾಡಿದ ಜೋಗುಳ. ಮಂಗೋಲಿಯಾದ ಲಾರಿ ಡ್ರೈವರ್ ಸ್ಟೇರಿಂಗ್ ಬಡಿಯುತ್ತಾ ಹಾಡಿದ್ದು. ಸೆನೆಗಲ್ಲಿನ ಮೀನು ಮಾರುವ ಅಕ್ಕತಂಗಿಯರದು. ಭಾಷೆ ಒಂದಕ್ಷರ ತಿಳಿಯದಿದ್ದರೂ ಇಬ್ಬರೂ ಮಳಖೇಡ ಬರುವ ತನಕ ತುಟಿಪಿಟಕ್ ಎನ್ನದೆ ಕೇಳುತ್ತಿದ್ದರು. ಇವೆಲ್ಲ ಸಿಗುತ್ತಿದ್ದದ್ದು ‘ಕೇಳದ ದನಿ’ ಎಂಬ ಚಾನೆಲ್ಲಿನಲ್ಲಿ. ಹೈದರಾಬಾದಿನ ಸುರೇಶಕುಮಾರ ಎಂಬಾತ ಅದನ್ನು ನಡೆಸುತ್ತಿದ್ದ.

ಅವತ್ತು ನಾಹಿದ ಹೊಸ ಹಾಡು ಹಚ್ಚಿದಳು. ಮುದುಕಿಯ ದನಿ, ಹಿಂದೆ ಸುತ್ತಿಗೆಯ ಟಣ್ ಟಣ್ ಸದ್ದು.

*ಕಲ್ಲ ಒಡೆದೇವ, ಬಿಸಲ ಒಡೆದೇವ,*
*ಒಡಿಲಿಲ್ಲವ್ವ ಮಾಲಕನ ಮನಸ…*

ನಾಹಿದ ಕಣ್ಣು ಕಣ್ಣು ಬಿಟ್ಟಳು. “ಯಾ ಅಲ್ಲಾ! ಲುಂಬಿ, ಇದು ನಿಮ್ಮ ಆಯಿ ದನಿ ಅಲ್ಲೇನ?”

ಅಲ್ಲದೆ ಮತ್ತೇನು! ಅದು ಲುಂಬಿನಿಯ ಅಪ್ಪನ ತಾಯಿ ರಮಾಬಾಯಿಯದೇ. ಮೂವತ್ತು ವರ್ಷ ಶಹಾಬಾದಿನ ಖಣಿಯಲ್ಲಿ ನೆಲಕ್ಕೆ ಹಾಸುವ ಪರ್ಸಿ ಕಲ್ಲು ಎಬ್ಬಿಸಿದವಳು, ಎಬ್ಬಿಸುತ್ತಾ ಹಾಡು ಕಟ್ಟಿದವಳು. ಲುಂಬಿನಿ ಖುಷಿಯಿಂದ ಕುಣಿಯುವುದೊಂದು ಬಾಕಿ. ಅಲ್ಲಿಂದಲೇ ಮನೆಗೆ ಫೋನು ಹಚ್ಚಿದಳು.

“ಆಯಿ! ನಿನ್ನ ಹಾಡು ದುನಿಯಾ ತುಂಬ ಕೇಳ್ಲಿಕತ್ತಾರ! ಎಂಬತ್ತು ಸಾವಿರ ಮಂದಿ!”

ಮುದುಕಿ ಒಂದೇ ಮಾತು ಕೇಳಿದಳು. “ಕಡೀ ನುಡಿ ಬಂದದೇನು?”

ಆ ಸೀಮೆಯಲ್ಲಿ ಹಾಡು ಕಟ್ಟಿದವರು ಕಡೆಯ ನುಡಿಯಲ್ಲಿ ತಮ್ಮ ಊರು, ಹೆಸರು ಇಡುತ್ತಾರೆ. ರಮಾಬಾಯಿಗೆ ಓದು ಬರಹ ಬಾರದು. ಪಗಾರದ ಪುಸ್ತಕದಲ್ಲಿ ಹೆಬ್ಬೆಟ್ಟು, ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು. ಅವಳು ತನ್ನ ಹೆಸರನ್ನು ತಾನೇ ಇಟ್ಟ ಜಾಗವೆಂದರೆ ಹಾಡಿನ ಕಡೆಯ ನುಡಿಯೊಂದೇ. *ಪುಸ್ತಕ ಕೊಟ್ಟ ಭೀಮನ ಮಗಳ ನಾ, ಶಹಾಬಾದ ಖಣಿಯ ರಮಾಬಾಯಿ, ಕಟ್ಟೀನಿ ಹಾಡ, ಹೆಸರಿಟ್ಟು ಹಾಡ್ರಿ.* ಬುದ್ಧ ಪೂರ್ಣಿಮೆಗೆ, ಭೀಮ ಜಯಂತಿಗೆ ಓಣಿಯ ಹೆಂಗಸರು ಹಾಡುವಾಗ ಈ ನುಡಿ ಬಂದರೆ ಮುದುಕಿ ಸೆರಗು ಸರಿಮಾಡಿಕೊಂಡು ಕೂರುತ್ತಿದ್ದಳು.

“ತಡಿ, ನೋಡಿ ಹೇಳ್ತೀನಿ,” ಎಂದಳು ಲುಂಬಿನಿ.

ಹಾಡು ಮೂರನೇ ನುಡಿಗೆ ಕಡಿದುಹೋಯಿತು. ಕಡೆಯ ನುಡಿ ಇಲ್ಲ. ಕೆಳಗೆ ಬರೆದಿತ್ತು: ‘ಹಾಡಿದವರು, ಅಜ್ಞಾತ ಕೂಲಿ ಹೆಂಗಸು. ರಚನೆ, ಅಜ್ಞಾತ.’

ಆಗಲೇ ಮಾಸ್ತರರು ಸೀಟು ಬದಲಿಸಿದ್ದು. “ಅಜ್ಞಾತ ಅಂತ! ಇವನ ಮಾರಿಗಿಷ್ಟು! ಹಾಡಿನ್ಯಾಗ ಹೆಸರು ಹೇಳ್ಯಾಳಲ್ಲೋ, ಕತ್ತರಿ ಹಚ್ಚಿ ಹಾರಿಸಿದ್ಯಲ್ಲೋ!” ಎಂದು ಅವಳು ಫೋನಿನ ಪರದೆಗೇ ಬೈಯುತ್ತಿದ್ದಳು. ಮಳಖೇಡ ಬಂದದ್ದೂ ತಿಳಿಯಲಿಲ್ಲ, ಹೋದದ್ದೂ ತಿಳಿಯಲಿಲ್ಲ.

ಲ್ಯಾಬಿನಲ್ಲಿ ಮಧ್ಯಾಹ್ನದ ತನಕ ಹಲ್ಲು ಕಚ್ಚಿಕೊಂಡು ಕೆಲಸ ಮಾಡಿದಳು. ಊಟದ ಹೊತ್ತಿಗೆ ಚಾನೆಲ್ಲಿನಲ್ಲಿದ್ದ ನಂಬರು ಹುಡುಕಿ, ಬುತ್ತಿಯನ್ನು ಬಿಚ್ಚದೆ ಪಕ್ಕಕ್ಕೆ ಸರಿಸಿ, ಸುರೇಶಕುಮಾರನಿಗೆ ಮಂಗಳಾರತಿ ಎತ್ತಿದಳು.

“ನಿಮಗ ನಾಚಿಕಿ ಅನ್ನೋದು ಅದೇನ್ರಿ? ಬಡವರ ಹಾಡು ಬೇಕು, ಬಡವರ ಹೆಸರು ಬ್ಯಾಡ. ಕೂಲಿ ಹೆಂಗಸಂತ! ಆಕಿ ಹೆಸರು ರಮಾಬಾಯಿ. ನಮ್ಮ ಆಯಿ. ಹೆಸರಿದ್ದ ನುಡಿ ಯಾಕ ಕತ್ತರಿಸಿದ್ರಿ? ಹೇಳ್ರಿ!”

ಆತ ಸಾವಕಾಶ ಕೇಳಿಸಿಕೊಂಡ. “ಮೇಡಂ, ನಾನೂ ನಿಮ್ಮ ಕಡಿಯವನೇ ರೀ, ಚಿಂಚೋಳಿ ಹತ್ರ ಚಿಮ್ಮನಚೋಡ ನಮ್ಮೂರು. ಕಡೀ ನುಡಿಯಾಗ ಹೆಸರು ಇರ್ತದಂತ ನನಗೂ ಗೊತ್ತದ. ಅದಕ್ಕೇ ಭಾಳ ಹುಡುಕಿದೆ, ಸಿಗಲಿಲ್ಲ. ನನಗ ಬಂದದ್ದೇ ಅಷ್ಟು. ಒಂದು ಸೆಕೆಂಡೂ ನಾ ಕತ್ತರಿಸಿಲ್ಲ.”

“ಸುಳ್ಳು ಹೇಳಬ್ಯಾಡ್ರಿ!”

“ಬಂದದ್ದು ಬಂದಂಗೇ ಕಳಸ್ತೀನಿ, ನೀವೇ ನೋಡ್ರಿ. ಯಾರೋ ಫಾರ್ವರ್ಡ್ ಮಾಡಿದ್ದರು, ನಾಲ್ಕು ವರ್ಷದ ಹಿಂದಿಂದು.”

ಬಂತು. ಎರಡು ನಿಮಿಷ ಹತ್ತು ಸೆಕೆಂಡಿನ ಹಾಡು, ಅದರ ಕೆಳಗೆ ಮೊದಲು ಹಾಕಿದವರು ಬರೆದಿದ್ದ ಸಾಲು: ‘ನಮ್ಮ ಕಡೆ ಹಳೇ ಹಾಡು. ಯಾರು ಕಟ್ಟಿದ್ದೋ, ಯಾರು ಹಾಡಿದ್ದೋ ಗೊತ್ತಿಲ್ಲ.’

ಲುಂಬಿನಿ ಅದನ್ನು ಎರಡು ಸಲ ಓದಿದಳು. ಆ ಸಾಲು ಅವಳದೇ.

ಕಲಬುರಗಿಯ ಹಾಸ್ಟೆಲ್ಲಿನಲ್ಲಿದ್ದಾಗಿನ ಮಾತು. ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೂ ತಮ್ಮ ತಮ್ಮ ಊರಿನ ಹಾಡು ಹಾಕುತ್ತಿದ್ದರು. ತಾನೇ ಫೋನಿನಲ್ಲಿ ಹಿಡಿದಿಟ್ಟಿದ್ದ ಆಯಿಯ ಹಾಡನ್ನು ಇವಳೂ ಹಾಕಿದಳು. ಹಾಕುವ ಮೊದಲು ಕಡೆಯ ನುಡಿ ಕತ್ತರಿಸಿದಳು. ಭೀಮನ ಮಗಳು ಎಂದು ಕೇಳಿದರೆ ಇವಳು ಯಾವ ಓಣಿಯವಳೆಂದು ರೂಮಿನವರಿಗೆ ತಿಳಿಯುತ್ತದೆ, ತಿಳಿದರೆ ತಾಟು ಬೇರೆ ಇಡುತ್ತಾರೆ, ಹಿಂದಿನ ವರ್ಷ ಒಬ್ಬಳಿಗೆ ಹಾಗೆ ಆಗಿತ್ತು. ‘ಹಾಡಿದ್ದು ಯಾರು?’ ಎಂದು ಯಾರಾದರೂ ಕೇಳುವ ಮೊದಲೇ ಗೊತ್ತಿಲ್ಲ ಎಂದು ಬರೆದುಬಿಟ್ಟಿದ್ದಳು. ಆಮೇಲೆ ಮರೆತೂಬಿಟ್ಟಿದ್ದಳು.

“ಹಲೋ, ಮೇಡಂ? ಪೂರ್ತಿ ಹೆಸರು, ಊರು ಹೇಳ್ರಿ, ಈಗಲೇ ತಿದ್ದತೀನಿ,” ಎನ್ನುತ್ತಿದ್ದ ಸುರೇಶಕುಮಾರ. ಲುಂಬಿನಿ ಫೋನು ಇಟ್ಟಳು. ಬೈದದ್ದಕ್ಕೆ ತಪ್ಪಾಯಿತು ಎಂದೂ ಅನ್ನಲಿಲ್ಲ.

ಸಂಜೆ ಗಾಡಿಯಲ್ಲಿ ನಾಹಿದಳಿಗೆ ಎಲ್ಲ ಹೇಳಿದಳು. ಸಮಾಧಾನ ಮಾಡುತ್ತಾಳೆ ಎಂದುಕೊಂಡಿದ್ದಳು. ನಾಹಿದ ಕಿವಿಯಿಂದ ಇಯರ್‌ಫೋನು ಕಿತ್ತು ಇವಳ ತೊಡೆಯ ಮೇಲೆ ಒಗೆದಳು.

“ಮೂರು ವರ್ಷ ನಾನೂ ಅಂಥದ್ದೇ ಹಾಸ್ಟೆಲ್‌ನಾಗ ಇದ್ದೆ. ಹೆಸರು ಕೇಳಿದ ಕೂಡ್ಲೆ ಮಂದಿ ಮಾರಿ ಬದಲಾಗ್ತಿತ್ತು. ನಾ ನನ್ನ ಹೆಸರು ಎಲ್ಲಿ ಮುಚ್ಚಿಡ್ಲಿ ಹೇಳು? ನಿನಗ ಕತ್ತರಿ ಸಿಕ್ತು, ಕತ್ತರಿಸಿದಿ. ಕತ್ತರಿಸಿದ್ದು ಯಾರ ಹೆಸರು, ನಿಂದಲ್ಲ, ಆ ಮುದುಕಿದು!”

“ಅಂಜಿಕಿ ಇತ್ತೇ ನಾಹಿದ.”

“ಇರಲಿ. ಮತ್ತ ಬೆಳಗ್ಗಿಂದ ಆ ಪಾಪದವನಿಗೆ ಯಾಕ ಬೈದಿ?”

ಚಿತ್ತಾಪುರದಲ್ಲಿ ನಾಹಿದ ಇಳಿದುಹೋದಳು. ಇಳಿಯುವಾಗ ದಿನದಂತೆ ಕೈಬೀಸಲಿಲ್ಲ. ವಾಡಿಯ ಪ್ಲಾಟ್‌ಫಾರ್ಮಿನಲ್ಲಿ ಶಹಾಬಾದಿನ ಗಾಡಿಗೆ ಕಾಯುವಾಗ ಲುಂಬಿನಿಗೆ ತನ್ನ ಕೈ ತಾನೇ ಕಚ್ಚಿಕೊಳ್ಳುವಷ್ಟು ಸಿಟ್ಟು ಬಂತು. ಆ ರೂಮಿನವರ ಮೇಲೂ ಬಂತು. ತಾಟು ಬೇರೆ ಇಟ್ಟವರು ಯಾರೂ ತಮ್ಮ ಹೆಸರು ಮುಚ್ಚಿಟ್ಟಿರಲಿಲ್ಲ.

ಮನೆಗೆ ಬಂದಾಗ ಹೊತ್ತು ಇನ್ನೂ ಮುಳುಗಿರಲಿಲ್ಲ. ರಮಾಬಾಯಿ ಹೊಸ ಇಳಕಲ್ ಸೀರೆ ಉಟ್ಟು ಬಾಗಿಲಲ್ಲೇ ಕೂತಿದ್ದಳು. ಓಣಿಯ ನಾಲ್ಕು ಹೆಂಗಸರನ್ನೂ ಕರೆದಿದ್ದಳು.

“ಬಾ ಯವ್ವಾ. ಹಚ್ಚು, ಎಲ್ಲಾರೂ ಕೇಳ್ಲಿ. ಕಡೀ ನುಡಿ ಬಂದದಿಲ್ಲೋ?”

ಲುಂಬಿನಿ ಹೆಂಗಸರ ಎದುರಿಗೇ ಹೇಳಿದಳು. ಒಳಗೆ ಕರೆದು ಹೇಳಬಹುದಿತ್ತು. ಮತ್ತೆ ಮುಚ್ಚಿಡಲು ಅವಳಿಗೆ ಮನಸ್ಸಾಗಲಿಲ್ಲ. ತಾನೇ ಕತ್ತರಿಸಿದ್ದು, ಯಾಕೆ ಕತ್ತರಿಸಿದ್ದು, ಕೆಳಗೆ ಏನು ಬರೆದಿದ್ದು, ಎಲ್ಲವನ್ನೂ.

ಮುದುಕಿಯ ಮೋರೆ ಕಪ್ಪಿಟ್ಟಿತು. “ಯಾರು ಹಾಡಿದ್ದೋ ಗೊತ್ತಿಲ್ಲಂತ ಬರದಿ? ಈ ಕೈಲೇ ತುತ್ತು ತಿಂದು? ನಿನ್ನ ಬಾಯಾಗ ಮಣ್ಣ ಬೀಳ್ಲಿ!” ಎದ್ದು ನಿಂತಳು. “ಖಣಿ ಮಾಲಕ ನನ್ನ ‘ಏ’ ಅಂತ ಕರೀತಿದ್ದ. ಮೂವತ್ತು ವರ್ಷ, ‘ಏ’. ನನ್ನ ಹೆಸರು ಅವನಿಗೆ ಗೊತ್ತಿರಲಿಲ್ಲ, ಅವಗ ಬೇಕೂ ಇರಲಿಲ್ಲ. ನಿನಗ ಗೊತ್ತಿತ್ತಲ್ಲೇ!”

ಲುಂಬಿನಿ ತಲೆ ತಗ್ಗಿಸಿ ನಿಂತಳು. ಕ್ಷಮೆ ಕೇಳಲು ಬಾಯಿ ತೆರೆದರೆ ಮುದುಕಿ ಕೈಯೆತ್ತಿ ತಡೆದಳು.

“ಅಳಬ್ಯಾಡ. ಫೋನು ಹಚ್ಚು, ಮತ್ತ ಹಾಡ್ತೀನಿ.”

ಲುಂಬಿನಿ ರೆಕಾರ್ಡ್ ಒತ್ತಿದಳು. ರಮಾಬಾಯಿ ಹೊಸಿಲ ಪರ್ಸಿಯ ಮೇಲೆ ಕೂತು, ಒಂದು ಕಲ್ಲು ಹಿಡಿದು ಬಡಿಯುತ್ತಾ ಹಾಡಿದಳು. ಈ ಸಲ ಹೆಸರು ಕಡೆಗೆ ಬರಲಿಲ್ಲ. *ಶಹಾಬಾದ ಖಣಿಯ ರಮಾಬಾಯಿ ನಾ, ಕಲ್ಲ ಒಡೆದೇವ…* ಎರಡನೆಯ ನುಡಿಯಲ್ಲೂ ರಮಾಬಾಯಿ, ಮೂರನೆಯದರಲ್ಲೂ ಭೀಮನ ಮಗಳು ರಮಾಬಾಯಿ. ಸಿಟ್ಟಿಗೆ ದನಿ ಒಡೆಯುತ್ತಿತ್ತು, ನಿಲ್ಲಲಿಲ್ಲ. ಹೆಂಗಸರೂ ದನಿ ಕೂಡಿಸಿದರು.

ಮುಗಿಸಿ ಕಲ್ಲು ಕೆಳಗಿಟ್ಟಳು. “ಈಗ ಕತ್ತರಸು. ಎಲ್ಲಿ ಕತ್ತರಸ್ತಿ ನೋಡ್ತೀನಿ.”

“ಇಲ್ಲ ಆಯಿ. ಆ ಹೈದರಾಬಾದಿನವರಿಗೆ ಕಳಸ್ತೀನಿ.”

“ಕಳಸು. ಕೆಳಗ ಏನು ಬರೀತಿ?”

“ಹಾಡು ಕಟ್ಟಿ ಹಾಡಿದವರು ರಮಾಬಾಯಿ, ಶಹಾಬಾದ.”

“ಅಷ್ಟೇ ಏನು?” ಮುದುಕಿ ಅವಳ ಮುಖವನ್ನೇ ನೋಡಿದಳು. “ಮೊದಲಿನ ಹಾಡಿನ್ಯಾಗ ಹೆಸರು ಕತ್ತರಿಸಿದಾಕಿ ಯಾರಂತ ಕೇಳಿದರ ಮತ್ತ ಗೊತ್ತಿಲ್ಲಂತಿಯೇನು? ಅದನ್ನೂ ಬರಿ.”

ಲುಂಬಿನಿಯ ಬೆರಳು ತಡೆಯಿತು. ಎಂಬತ್ತು ಸಾವಿರ ಮಂದಿ. ಹಾಸ್ಟೆಲ್ಲಿನ ರೂಮಿನವರೂ ಇದ್ದಾರು. ಹೆಂಗಸರು ಎದ್ದುಹೋಗದೆ ಅವಳ ಬೆರಳನ್ನೇ ನೋಡುತ್ತಾ ಕೂತಿದ್ದರು. ಅವಳು ಬರೆದಳು: ‘ಹೆಸರು ಕತ್ತರಿಸಿದವಳು ಅವರ ಮೊಮ್ಮಗಳು, ಲುಂಬಿನಿ.’

“ಓದು,” ಎಂದಳು ರಮಾಬಾಯಿ. ಅವಳಿಗೆ ಓದು ಬಾರದಲ್ಲ, ಕೇಳಿಯೇ ನಂಬಬೇಕು.

ಲುಂಬಿನಿ ಎಲ್ಲರಿಗೂ ಕೇಳುವಂತೆ ಜೋರಾಗಿ ಓದಿದಳು, ಕಳಿಸಿದಳು.