ಎಡಗಂಕುಳ ತಿತ್ತಿ

ಸಾಕು ಸುಮ್ನಿರ್ರಪ್ಪ. ನಿನ್ನೆ ವಾಟ್ಸಾಪ್ ಗುಂಪಲ್ಲಿ ಯಾರೋ ಬರ್ದವ್ರೆ, ಹೆಡತಲೆ ಊರಲ್ಲಿ ತಿತ್ತಿ ಊದೋರು ಯಾವತ್ತೂ ಇರ್ಲಿಲ್ಲ, ಈ ಮುದುಕ ಕಮ್ಮಾರನ ತಿದಿ ನೆನೆಸ್ಕೊಂಡು ಏನೇನೋ ಒದರ್ತಾನೆ ಅಂತ. ಬೆಳಿಗ್ಗೆ ತಿಂದ ಉಪ್ಪಿಟ್ಟು ನನಗೆ ಮರ್ತೋಗ್ಬೋದು, ಒಪ್ಕೋತೀನಿ. ಆದ್ರೆ ಮಂಟೇಸ್ವಾಮಿ ಕಂಕುಳಲ್ಲಿದ್ದ ಆ ಮೇಕೆಮರಿ ಚರ್ಮ, ಅದರ ಹೊಟ್ಟೆ ಮೇಲಿನ ಕರೀ ಮಚ್ಚೆ ಸಮೇತ ಇನ್ನೂ ಕಣ್ಣಲ್ಲೈತೆ. ನಿಮ್ಮ ಅನುಮಾನ ಜೇಬಲ್ಲಿಟ್ಕೊಂಡು ಕೇಳಿ. ನಾಗೇಂದ್ರನೇ ನಂಜನಗೂಡು ಬಸ್ ಸ್ಟ್ಯಾಂಡಲ್ಲಿ ನನ್ನ ಪಕ್ಕ ಕೂತು, ನೆಲ ನೋಡ್ಕೊಂಡು ಹೇಳಿದ್ದು ಇದು.

ನಾಗೇಂದ್ರ ಊದ್ತಿದ್ದುದು ಮುಖವೀಣೆ. ಗೇಣುದ್ದದ್ದು, ನಾಗಸ್ವರದ ತಮ್ಮ ಅನ್ನಿ. ಅವನ ದೊಡ್ಡಪ್ಪನ ಮಗ ಮಂಟೇಸ್ವಾಮಿ ಪಕ್ಕದಲ್ಲಿ ನಿಂತು ಶ್ರುತಿ ಹಿಡಿಯೋನು. ಇಡೀ ಮೇಕೆಮರಿ ಚರ್ಮದ ಚೀಲ, ಅದೇ ತಿತ್ತಿ. ಒಂದು ಕೊಳವೇಲಿ ಬಾಯಿಂದ ಗಾಳಿ ತುಂಬೋದು, ಎಡಗಂಕುಳಲ್ಲಿ ಅವುಚ್ಕೊಂಡು ಒತ್ತೋದು, ಇನ್ನೊಂದು ಕೊಳವೇಲಿ ಸ್ವರ ಬರೋದು. ಒಂದೇ ಸ್ವರ. ನಲವತ್ತು ವರ್ಷ ಬಯಲಾಟದಲ್ಲಿ, ಮದ್ವೇಲಿ ಆ ಮನುಷ್ಯ ಊದಿದ್ದು ಅದೊಂದೇ ಸ್ವರ. ಜನ ನಾಗೇಂದ್ರನಿಗೆ ಹಾರ ಹಾಕೋರು. ಮಂಟೇಸ್ವಾಮಿನ ಚಪ್ಪರದ ಕಂಬ ಅನ್ಕೊಂಡು ಟವಲ್ ನೇತಾಕಿದ್ರೂ ಆಶ್ಚರ್ಯ ಇರ್ಲಿಲ್ಲ.

ಆದ್ರೆ ಒಂದು ಸಂಗತಿ ಅವರಿಬ್ಬರಿಗೇ ಗೊತ್ತಿತ್ತು. ನಾಗೇಂದ್ರನದು ಗಿಡ್ಡ ದಮ್ಮು. ಉದ್ದದ ಎಳೆ ಊದ್ವಾಗ ಮಧ್ಯದಲ್ಲೇ ಉಸಿರು ಕಟ್ಟೋದು. ಆ ಹೊತ್ತಿಗೆ ಸರಿಯಾಗಿ ಮಂಟೇಸ್ವಾಮಿ ಕಂಕುಳ ಒಂಚೂರು ಬಿಗಿ ಮಾಡೋನು, ಶ್ರುತಿ ತುಂಬ್ಕೊಂಡು ಬರೋದು, ಇವನು ಅದರ ಮರೇಲಿ ಉಸಿರು ತಗೊಳ್ಳೋನು. ಕೇಳೋರಿಗೆ ಎಳೆ ಹರಿದಿದ್ದೇ ತಿಳೀತಿರ್ಲಿಲ್ಲ.

ಹೋದ ವರ್ಷ ನರಸೀಪುರದ ಹತ್ರ ಹೊಳೆ ದಂಡೇಲಿರೋ ರೆಸಾರ್ಟಿನವರು ಒಂದು ಹಬ್ಬ ಮಾಡಿದ್ರು. ಐನೂರು ವರ್ಷದ ಹಿಂದೆ ಯೂರೋಪಿನ ಸಂತೆಗಳಲ್ಲಿ ಎಂಥ ಸಂಗೀತ ಕೇಳ್ತಿತ್ತೋ ಅಂಥದ್ದು, ಜೊತೆಗೆ ನಮ್ಮ ಕಡೆ ಹಳೇ ವಾದ್ಯ. ಅದನ್ನ ನಡೆಸೋನು ಮೈಸೂರಿನ ಅಮೃತೇಶ್ ಅಂತ ಹುಡುಗ, ನಾಗೇಂದ್ರನಿಗೆ ಫೋನ್ ಮಾಡಿ ಹೇಳಿದ, "ಮುಖವೀಣೆ ತನ್ನಿ ಸಾರ್. ಆದ್ರೆ ತಿತ್ತಿ ಮಾತ್ರ ಮರೀಬೇಡಿ. ನಮಗೆ ಮುಖ್ಯವಾಗಿ ಬೇಕಾಗಿರೋದೇ ಅದು."

ಮುಖ್ಯವಾಗಿ. ಆ ಮಾತು ನಾಗೇಂದ್ರನ ಗಂಟಲಲ್ಲಿ ಮೀನಿನ ಮುಳ್ಳಿನಂಗೆ ನಿಂತ್ಕೊತು. ನಲವತ್ತು ವರ್ಷ ಬೆರಳು ಸವೆಸಿದೋನು ನಾನು, ಮುಖ್ಯ ಆಗೋನು ಅವನಾ ಅಂತ. ಎರಡು ದಿನ ಅನ್ನ ಸೇರ್ಲಿಲ್ಲ. ಮೂರನೇ ದಿನ ಒಂದು ಚಿಪ್ಪು ಬಾಳೆಹಣ್ಣು ತಗೊಂಡು ಹೆಡತಲೆ ಬಸ್ ಹತ್ತಿದ.

ಮಂಟೇಸ್ವಾಮಿ ಜಗಲಿ ಮೇಲೆ ಕೂತು ತಿತ್ತಿಗೆ ಹರಳೆಣ್ಣೆ ತಿಕ್ತಿದ್ದ. ಹದಿನೈದು ದಿನಕ್ಕೊಂದು ಸಲ ತಿಕ್ಬೇಕು, ಇಲ್ದಿದ್ರೆ ಚರ್ಮ ಬಿರಿಯುತ್ತೆ. ನಾಗೇಂದ್ರ ಹಬ್ಬದ ವಿಷ್ಯ ಹೇಳಿ, ತಿತ್ತಿ ಬ್ಯಾಡ್ವಂತೆ, ಅವರತ್ರ ಕರೆಂಟಿನ ಶ್ರುತಿ ಪೆಟ್ಟಿಗೆ ಐತಂತೆ ಅಂದ.

ಮಂಟೇಸ್ವಾಮಿ ತಿಕ್ಕೋದು ನಿಲ್ಲಿಸ್ದ. "ಈ ಸಲಕ್ಕಾ, ಇನ್ಮ್ಯಾಕೂ ಬ್ಯಾಡ್ವಾ?"

ಅಲ್ಲೇ 'ಈ ಸಲಕ್ಕೆ' ಅಂದಿದ್ರೆ ಮುಗೀತಿತ್ತು. ಸುಳ್ಳು ಸುಳ್ಳಾಗೇ ಇರ್ತಿತ್ತು, ತಿತ್ತಿ ತಿತ್ತಿಯಾಗೇ ಇರ್ತಿತ್ತು. ನಾಗೇಂದ್ರ ಹೇಳಿದ್ದು ಬೇರೆ.

"ಇನ್ಮ್ಯಾಕೆ ಯಾರ್ಗೂ ಬ್ಯಾಡ ಕಣಣ್ಣ. ತಿತ್ತಿ ಕಾಲ ಮುಗೀತು."

"ಸರಿ ಬುಡು," ಅಂದ ಮಂಟೇಸ್ವಾಮಿ. ಒಂದು ಬಾಳೆಹಣ್ಣು ಸುಲ್ಕೊಂಡು ತಿಂದ, ಸಿಪ್ಪೆ ಹಸುಗೆ ಎಸ್ದ. ನಾಗೇಂದ್ರ ಏಳ್ವಾಗ ಅಂದ, "ಆ ಪೆಟ್ಗೆಗೆ ನಿನ್ನ ದಮ್ಮು ಗೊತ್ತಾಗಕ್ಕಿಲ್ಲ ಕಣ್ಲಾ. ನೋಡ್ಕಂಡು ಊದು."

ಬಸ್ಸಲ್ಲಿ ವಾಪಸ್ ಬರ್ತಾನೇ ನಾಗೇಂದ್ರ ಅಮೃತೇಶನಿಗೆ ಫೋನ್ ಮಾಡ್ದ. ಅಣ್ಣನಿಗೆ ಭುಜ ನೋವು, ಕೈ ಎತ್ತಕ್ಕಾಗಲ್ಲ, ಕರೆಂಟಿನ ಶ್ರುತಿ ಪೆಟ್ಟಿಗೆ ಒಂದು ಇಟ್ಟಿರಿ ಅಂತ.

ಹಬ್ಬ ಹೆಂಗಿತ್ತು ಅಂತೀರಾ. ಗಿಟಾರಿನಂಗೇ ಒಂದು ವಾದ್ಯ, ಹೊಟ್ಟೆ ಮಾತ್ರ ಹೋಳು ಮಾಡಿದ ಕುಂಬಳಕಾಯಿ. ಗಾಜಿನ ಲೋಟಗಳಿಗೆ ನೀರು ತುಂಬಿ ಒದ್ದೆ ಬೆರಳಲ್ಲಿ ಅಂಚು ಉಜ್ಜಿ ರಾಗ ಹೊರಡಿಸೋಳು ಒಬ್ಳು. ಒಂದು ಕಡೆ ನಾಲ್ಕು ಜನ ವಾದ್ಯವೇ ಇಲ್ದೆ ನಾಲ್ಕು ದಾರಿ ಹಿಡ್ಕೊಂಡು ಹಾಡ್ತಾ ಹೋಗಿ, ಕೊನೇಲಿ ಒಂದೇ ಬಾಗ್ಲಿಗೆ ಬಂದು ಸೇರೋರು. ಇನ್ನೊಂದು ಕಡೆ ಮರದ ಲೋಟ ಕುಟ್ಕೊಂಡು ಕುಡುಕರ ಪದ. ಇದೆಲ್ಲದರ ನಡುವೆ ಬಿಳೀ ಗಡ್ಡದ ಒಬ್ಬ ಪರದೇಶದವನು, ಕಂಕುಳಲ್ಲಿ ಚರ್ಮದ ಚೀಲ. ಅದೇ ಕೊಳವೆ, ಅದೇ ಒತ್ತು. ಜನ ಮುತ್ಕೊಂಡಿದ್ರು. ನಾಗೇಂದ್ರನಿಗೆ ಅವನ ಮುಖ ಕಾಣಿಸ್ಲಿಲ್ಲ, ಕಂಕುಳೊಂದೇ ಕಾಣಿಸ್ತು.

ಇವನ ಸರದಿ ಬಂತು. ಪೆಟ್ಟಿಗೆ ಗುಂಯ್ ಅಂತಿತ್ತು, ತೊಳೆದ ತಟ್ಟೆಯಂಗೆ ಚೊಕ್ಕವಾಗಿ. ನಾಗೇಂದ್ರ ಎತ್ತರದ ಎಳೆ ಹಿಡಿದ. ಮಧ್ಯದಲ್ಲಿ ದಮ್ಮು ಕಟ್ತು. ಪೆಟ್ಟಿಗೆ ತನ್ನ ಪಾಡಿಗೆ ತಾನು ಗುಂಯ್ ಅಂತಿತ್ತು. ರಾಗ ಎಲ್ಲರ ಎದುರಿಗೆ ಕಡಿದು ಬಿತ್ತು. ಜನ ಚಪ್ಪಾಳೆ ತಟ್ಟಿದ್ರು ಬುಡಿ, ಅವರಿಗೇನು ಗೊತ್ತು.

ಇಳಿದು ಬಂದವನ ಎದುರಿಗೆ ಅಮೃತೇಶ್ ಆ ಗಡ್ಡದವನನ್ನ ಕರ್ಕೊಂಡು ಬಂದ. ಅವನು ಇಷ್ಟು ದೂರ ಬಂದಿದ್ದೇ ನಮ್ಮ ತಿತ್ತಿ ನೋಡಕ್ಕಂತೆ. ಊದದಿದ್ರೂ ಪರವಾಗಿಲ್ಲ, ಒಂದ್ಸಲ ಮುಟ್ಟಿ ನೋಡಿ ಹೋಗ್ತಾನಂತೆ. ನಾಗೇಂದ್ರ ಏನೇನೋ ನೆಪ ಹೇಳ್ದ. ನಡೀಲಿಲ್ಲ. ಮಾರನೇ ದಿನ ಬೆಳಿಗ್ಗೆ ಮೂವರೂ ಕಾರಲ್ಲಿ ಹೆಡತಲೆಗೆ ಹೊರಟ್ರು. ದಾರಿಯುದ್ದಕ್ಕೂ ನಾಗೇಂದ್ರ ಟೈರ್ ಪಂಚರ್ ಆಗ್ಲಿ ಅಂತ ಬೇಡ್ಕೊಂಡನಂತೆ.

ಮಂಟೇಸ್ವಾಮಿ ಆಗ್ತಾನೆ ಡೈರಿಗೆ ಹಾಲು ಹಾಕಿ ಬಂದು ಸೈಕಲ್ ಗೋಡೆಗೆ ಒರಗಿಸಿದ್ದ. ಹೆಂಡ್ತಿ ಮರಿತಾಯಮ್ಮ ಕುರ್ಚಿ ಹಾಕಿದ್ಲು. ಅಮೃತೇಶ್ ಕೂರೋಕೂ ಮುಂಚೆ ಕೇಳ್ದ, ತಿತ್ತಿ ಒಂದ್ಸಲ ತೋರಿಸ್ತೀರಾ ಅಂತ.

ಮರಿತಾಯಮ್ಮ ನಕ್ಕಳು. "ಅಗಾ, ಅಲ್ಲೇ ಐತಲ್ಲ ಸಾ. ಸೀಟು ಅರ್ದೋಗಿ ಸ್ಪ್ರಿಂಗ್ ಚುಚ್ಚೋದು. ಯಾರ್ಗೂ ಬ್ಯಾಡ್ವಂತಲ್ಲ ಅಂತ ಕುಯ್ದು ಒದ್ದಿಸ್ಕಂಡವ್ರೆ."

ಸೈಕಲ್ ಸೀಟಿನ ನಟ್ಟನಡುವೆ ಆ ಕರೀ ಮಚ್ಚೆ. ಅಂಚಿಗೆ ಗೋಣಿ ದಾರದ ಹೊಲಿಗೆ, ಅಚ್ಚುಕಟ್ಟಾಗಿ. ಗಡ್ಡದವನು ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ಕರು ಮೈ ಸವರ್ದಂಗೆ ಅಂಗೈಲಿ ಸವರ್ದ.

ಅಮೃತೇಶನಿಗೆ ತಡೀಲಿಲ್ಲ. "ಏನ್ ಯಜಮಾನ್ರೇ, ಭುಜ ನೋವು ಅಂತ ಕುಯ್ದೇ ಬಿಡೋದಾ? ನಾವು ಕರೆದಿದ್ದೇ ನಿಮ್ಮನ್ನ. ತಮ್ಮ ಹೇಳ್ಲಿಲ್ವಾ?"

"ಯಾರ್ಗೆ ಭುಜ ನೋವು?" ಅಂದ್ಲು ಮರಿತಾಯಮ್ಮ.

ಮಂಟೇಸ್ವಾಮಿ ನಾಗೇಂದ್ರನ ಕಡೆ ತಿರುಗಿ ನೋಡ್ದ. ಒಂದು ಉಸಿರು ಎಳ್ಕೊಳ್ಳೋವಷ್ಟು ಹೊತ್ತು, ಅಷ್ಟೇ.

"ನಂಗೇ ಕಣಮ್ಮಿ. ನಿಂಗೆ ಯೋಳಿರ್ನಿಲ್ಲ." ಆಮೇಲೆ ಅಮೃತೇಶನ ಕಡೆ ತಿರುಗಿ, "ಯೋಳಿದ್ದ ಸಾ, ತಮ್ಮ ಎಲ್ಲಾ ಯೋಳಿದ್ದ. ನಂಗೇ ಕೈಲಾಗ್ನಿಲ್ಲ," ಅಂದು ಬಲಭುಜ ಹಿಡ್ಕೊಂಡ. ನಲವತ್ತು ವರ್ಷ ತಿತ್ತಿ ಇದ್ದದ್ದು ಎಡಗಡೆ.

ಟೀ ಕುಡಿದು ಹೊರಟ್ರು. ಕಾರು ಕೆರೆ ಏರಿ ಕಡೆ ತಿರುಗೋವಾಗ ನಾಗೇಂದ್ರ ಹಿಂದಕ್ಕೆ ನೋಡ್ದ. ಸೈಕಲ್ ಪಕ್ಕ ನಿಂತಿದ್ದ ಮಂಟೇಸ್ವಾಮಿ ಇನ್ನೂ ಬಲಭುಜ ನೀವ್ಕೊತಾನೇ ಇದ್ದ.

ಹೋಗಿ ಕಾಲು ಹಿಡ್ಕೋಬಾರದೇನ್ಲಾ ಅಂತ ನಾನು ಬೈದೆ. ಹೆಡತಲೆ ಸ್ಟಾಪ್‌ವರೆಗೂ ನಾಲ್ಕು ಸಲ ಹೋಗಿ ಅದೇ ಬಸ್ಸಲ್ಲಿ ವಾಪಸ್ ಬಂದವ್ನಂತೆ. ಮುಖವೀಣೆ ಗೂಡಲ್ಲಿಟ್ಟು ಬಟ್ಟೆ ಮುಚ್ಚವ್ನೆ.

ಅದಕ್ಕೇ ಹೇಳೋದು, ನನ್ನ ನೆನಪಿನ ತಂಟೆ ಬಿಟ್ಟು ಈ ವಾಯ್ಸ್ ಮೆಸೇಜು ಮುಂದಕ್ಕೆ ಕಳಿಸಿ. ಬದನವಾಳು, ತಾಂಡವಪುರ, ಎಲ್ಲಾ ಗುಂಪಿಗೂ ಹಾಕಿ. ಮಂಟೇಸ್ವಾಮಿಗೆ ಫೋನಿಲ್ಲ, ಅವನ ಮೊಮ್ಮಗಳು ಕವನಂಗೆ ಐತೆ. ಅವಳಿಗೆ ಮುಟ್ಟಿದ್ರೆ ಸಾಕು. ಬೆಳಿಗ್ಗೆ ಅವನು ಹಾಲಿನ ಕ್ಯಾನ್ ಕಟ್ಕೊಂಡು ಆ ಸೀಟಿನ ಮೇಲೆ ಕೂರೋ ಹೊತ್ತಿಗೆ ಹಾಕಿ ಕೇಳಿಸ್ಲಿ. ಅವನಿಗೆ ಗೊತ್ತಿರೋ ಕಥೇನೇ. ಆದ್ರೂ ಕೇಳ್ಲಿ.