ಹದಿಮೂರನೆಯ ಆಟ

ಎಷ್ಟು ಆಟ ಗೆದ್ದಿದ್ದೀಯಪ್ಪ ಎಂದು ಯಾರಾದರೂ ಕೇಳಿದರೆ ಚಲಪತಿ ಎಷ್ಟು ಆಡಿದ್ದೇನೆಂದು ಹೇಳುತ್ತಿದ್ದ. ಎಪ್ಪತ್ತನಾಲ್ಕು. ಗೆದ್ದದ್ದು ಹತ್ತೊಂಬತ್ತು ಎಂಬುದನ್ನು ಎದುರಿನವರು ಒತ್ತಾಯ ಮಾಡಿದರೆ ಮಾತ್ರ ಬಾಯಿಬಿಡುತ್ತಿದ್ದ. ಉಳಿದ ಐವತ್ತೈದರ ವಿಷಯದಲ್ಲಿ ಅವನಿಗೆ ನಾಚಿಕೆಯೇನೂ ಇರಲಿಲ್ಲ. ಸೋತವರು ಆಡಿಲ್ಲವೆಂದು ಯಾವ ಮಹಾನುಭಾವ ಹೇಳಿದ್ದಾನೆ?

ಮಂಡಿಕಲ್ಲಿನ ಪಂಚಾಯಿತಿಯಲ್ಲಿ ಅವನಿಗೆ ನೀರು ಬಿಡುವ ಕೆಲಸ. ಬೆಳಗ್ಗೆ ಐದಕ್ಕೆ ವಾಲ್ವ್ ತಿರುಗಿಸಿ, ಏಳಕ್ಕೆ ಮುಚ್ಚಿ, ಊರವರ ಬೈಗುಳ ಕೇಳಿಸಿಕೊಂಡು ಮುಗಿಸಿದರೆ ಉಳಿದ ಹೊತ್ತೆಲ್ಲ ಬಾಕ್ಸಿಂಗ್. ಶಿಡ್ಲಘಟ್ಟ, ಕೋಲಾರ, ಹಿಂದೂಪುರ, ಯಾವ ಊರಿನಲ್ಲಿ ಯಾರ ಎದುರಾಳಿ ಜ್ವರ ಬಂದು ಮಲಗಿದರೂ ಫೋನು ಬರುತ್ತಿದ್ದುದು ಇವನಿಗೆ. ಇವನು ಎದುರಿಗಿರುವವನು ಯಾರೆಂದು ಕೂಡ ಕೇಳದೆ ಗ್ಲೌಸು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತುತ್ತಿದ್ದ. ಮೂಗು ಎರಡು ಸಲ ಮುರಿದಿತ್ತು. ಎರಡನೇ ಸಲ ಮುರಿದಾಗ ನೆಟ್ಟಗಾಯಿತೆಂದು ಅವನ ವಾದ.

ಈ ವರ್ಷಕ್ಕೆ ಎಲ್ಲ ಮುಗಿಯುತ್ತಿತ್ತು. ನಲವತ್ತು ದಾಟಿದವರಿಗೆ ಆಟದ ಕಾರ್ಡು ಕೊಡುವುದಿಲ್ಲ, ಡಿಸೆಂಬರಿಗೆ ಅವನದ್ದು ಮುಗಿಯುತ್ತದೆ. ಅದಕ್ಕೆ ಅವನು ಮನಸ್ಸು ಗಟ್ಟಿ ಮಾಡಿಕೊಂಡಿದ್ದ. ಆದರೆ ಒಂದು ಆಟ ಮಾತ್ರ ಬಾಕಿ ಇತ್ತು. ಅದನ್ನು ಆಡದೆ ಬಿಟ್ಟರೆ ಸಾಯುವವರೆಗೆ ಹೊಟ್ಟೆಯಲ್ಲಿ ಉರಿಯುತ್ತದೆಂದು ಅವನಿಗೆ ಗೊತ್ತಿತ್ತು.

ಆ ಆಟ ಸುನೀಲನ ಜೊತೆಗೆ. ಸುನೀಲ ಚಿಂತಾಮಣಿ ಕಡೆಯವನು, ಅಂಬಾಜಿದುರ್ಗದ ಕೆಳಗಿನ ಹಳ್ಳಿಯೊಂದರಲ್ಲಿ ಹಾಲಿನ ಡೇರಿಯ ಕಾರ್ಯದರ್ಶಿ. ಇವನಷ್ಟೇ ವಯಸ್ಸು, ಇವನಷ್ಟೇ ಹುಚ್ಚು. ಇಬ್ಬರೂ ಹನ್ನೆರಡು ಸಲ ಎದುರುಬದುರಾಗಿದ್ದರು. ಆರು ಇವನದು, ಆರು ಅವನದು. ಆಮೇಲೆ ಸುನೀಲ ದಪ್ಪಗಾದ. ಅರವತ್ತು ಕೆ.ಜಿ. ವಿಭಾಗ ಬಿಟ್ಟು ಅರವತ್ತೈದಕ್ಕೆ ಹೋದ. ಎರಡು ವರ್ಷ ಇಬ್ಬರೂ ಒಂದೇ ಪಂದ್ಯಾವಳಿಗೆ ಬಂದು, ಒಂದೇ ಬೆಂಚಿನಲ್ಲಿ ಕೂತು, ಬೇರೆಯವರ ಕೈಲಿ ಹೊಡೆಸಿಕೊಂಡು ಹೋಗುತ್ತಿದ್ದರು.

ಆಷಾಢದಲ್ಲಿ ಗೌರಿಬಿದನೂರಿನಲ್ಲಿ ಪಂದ್ಯಾವಳಿ ಎಂದು ಸುದ್ದಿ ಬಂತು. ಆಷಾಢದಲ್ಲಿ ಮದುವೆಗಳಿಲ್ಲ, ಕಲ್ಯಾಣ ಮಂಟಪ ಕಡಿಮೆ ಬಾಡಿಗೆಗೆ ಸಿಗುತ್ತದೆ. ಹಾಗಾಗಿ ಈ ಸೀಮೆಯಲ್ಲಿ ಬಾಕ್ಸಿಂಗಿಗೆ ಅದೇ ಒಳ್ಳೆಯ ಮುಹೂರ್ತ. ಚಲಪತಿ ಅಂದೇ ನಿರ್ಧಾರ ಮಾಡಿದ. ಸುನೀಲ ಕೆಳಗಿಳಿಯಲಾರ, ತಾನೇ ಮೇಲೆ ಹತ್ತಬೇಕು. ಅರವತ್ತು ದಾಟಿದರೆ ಸಾಕು, ಅರವತ್ತೈದರ ವಿಭಾಗಕ್ಕೆ ಸೇರಿಸಿಕೊಳ್ಳುತ್ತಾರೆ.

ಉಣ್ಣಲು ಶುರು ಮಾಡಿದ. ಹೊತ್ತಿಗೆ ಎರಡು ಮುದ್ದೆ, ನಡುವೆ ಕಡಲೆಕಾಯಿ, ಮಲಗುವಾಗ ಬಾಳೆಹಣ್ಣು. ಹೆಂಡತಿ ಆಶಾರಾಣಿ ಮುದ್ದೆ ತಿರುವಿ ತಿರುವಿ ಸೋತು, ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಳು.

"ಹದ್ನಾಲ್ಕು ವರ್ಷದಿಂದ ಉಣ್ರೀ ಉಣ್ರೀ ಅಂದ್ರೆ ತೂಕ ತೂಕ ಅಂತ ತಟ್ಟೆ ತಳ್ತಿದ್ರಿ. ಇವಾಗೇನ್ ಬಂತು?"

"ಸುನೀಲನ ಜೊತೆ ಆಡ್ಬೇಕು ಕಣೇ."

"ಅವರಿಗೊಂದು ಫೋನ್ ಮಾಡಿ ಹೇಳಿದ್ದೀರಾ?"

"ಎದುರಾಳಿಗೆ ಯಾರಾದ್ರೂ ಫೋನ್ ಮಾಡ್ತಾರಾ?"

ಅದು ಇವರಿಬ್ಬರ ಕಟ್ಟಳೆ. ಪಂದ್ಯಕ್ಕೆ ತಿಂಗಳಿರುವಾಗಲೇ ಮಾತು ನಿಲ್ಲಿಸಬೇಕು. ಮಾತಾಡಿದರೆ ಹೆಂಡತಿ ಮಕ್ಕಳ ಸುದ್ದಿ ಬರುತ್ತದೆ, ಸುದ್ದಿ ಬಂದರೆ ಕೈ ಮೆತ್ತಗಾಗುತ್ತದೆ. ಹನ್ನೆರಡು ಸಲವೂ ಹಾಗೆಯೇ ನಡೆದಿತ್ತು. ಈ ಕಟ್ಟಳೆಯೇ ಈ ಸಲ ಇಬ್ಬರ ತಲೆಯ ಮೇಲೂ ಕೂತಿತು.

ಭಾನುವಾರ ಬೆಳಗ್ಗೆ ವಾಲ್ವಿನ ಕೆಲಸ ಪಕ್ಕದ ಬೀದಿಯ ಕೋನಪ್ಪನಿಗೆ ಒಪ್ಪಿಸಿ, ಆಶಾರಾಣಿ ಕಟ್ಟಿಕೊಟ್ಟ ಚಿತ್ರಾನ್ನದ ಡಬ್ಬಿ ಹಿಡಿದು ಚಲಪತಿ ಗೌರಿಬಿದನೂರಿಗೆ ಬಂದ. ಮಂಟಪದಲ್ಲಿ ವಧೂವರರು ಕೂರುವ ಜಾಗದಲ್ಲಿ ತೂಕದ ಯಂತ್ರ ಇಟ್ಟಿದ್ದರು. ಅದರ ಪಕ್ಕದಲ್ಲಿ ಪಟ್ಟಿ ಹಿಡಿದು ಕೂತವರು ವೆಂಕಟರವಣಪ್ಪ ಮೇಷ್ಟ್ರು. ನಿವೃತ್ತ ಡ್ರಿಲ್ ಮೇಷ್ಟ್ರು. ಚಲಪತಿಗೂ ಸುನೀಲನಿಗೂ ಮೊದಲ ಸಲ ಗ್ಲೌಸು ಕಟ್ಟಿದವರು ಅವರೇ.

ಯಂತ್ರದ ಮೇಲೆ ಒಬ್ಬ ನಿಂತಿದ್ದ. ಕೆನ್ನೆ ಒಳಕ್ಕೆ ಹೋಗಿ, ಕಣ್ಣು ಗುಳಿಬಿದ್ದು, ಟೈಫಾಯಿಡಿನಿಂದ ಎದ್ದು ಬಂದವನಂತೆ. ಅವನು ಸುನೀಲ ಎಂದು ತಿಳಿಯಲು ಚಲಪತಿಗೆ ಹೊತ್ತು ಹಿಡಿಯಿತು.

"ಐವತ್ತೆಂಟೂ ಒಂಬತ್ನೂರು" ಎಂದು ಮೇಷ್ಟ್ರು ಓದಿದರು. "ಅರವತ್ತರ ವಿಭಾಗ."

ಸುನೀಲ ಇಳಿದು ಚಲಪತಿಯನ್ನು ಕಂಡು ನಕ್ಕ. ಗೆದ್ದುಬಿಟ್ಟವನ ನಗು. ಚಲಪತಿ ಯಂತ್ರ ಹತ್ತಿದ.

"ಅರವತ್ತೊಂದೂ ನಾನೂರು. ಅರವತ್ತೈದರ ವಿಭಾಗ."

ಸುನೀಲನ ನಗು ಅಲ್ಲೇ ಒಣಗಿತು. "ಒರೇ, ಇದೇನೋ ಮಾಡ್ಕೊಂಡೆ? ನಿನ್ ಜೊತೆ ಆಡ್ಬೇಕು ಅಂತ ಒಂದು ತಿಂಗಳಿಂದ ಸರಿಯಾಗಿ ಅನ್ನ ಮುಟ್ಟಿಲ್ಲ ನಾನು!"

"ನಿನ್ ಜೊತೆ ಆಡ್ಬೇಕು ಅಂತಾನೇ ಕಣೋ ನಾನು ತಿಂದಿದ್ದು!"

ಮೇಷ್ಟ್ರು ಕನ್ನಡಕ ತೆಗೆದು ಇಬ್ಬರನ್ನೂ ನೋಡಿದರು. ಮೂವತ್ತು ವರ್ಷ ಮಕ್ಕಳನ್ನು ಬೈದ ಗಂಟಲು ಅದು. "ಏಮಿ ನಾಯನಾ, ನಲವತ್ತು ವರ್ಷ ಆಯ್ತು, ಇನ್ನೂ ಬುದ್ಧಿ ಬಂದಿಲ್ವಾ ನಿಮಗೆ?" ಎಂದರು. ಆಮೇಲೆ ಪಟ್ಟಿಯ ಮೇಲೆ ಬೆರಳಾಡಿಸಿದರು. "ಚಲಪತಿ, ಅರವತ್ತೈದರಲ್ಲಿ ನೀನೊಬ್ಬನೇ. ಆಡೋದೇ ಬೇಡ, ಚಿನ್ನದ ಪದಕ ಹಾಕ್ಕೊಂಡು ಮನೆಗೆ ಹೋಗು."

ಬೇರೆ ಯಾರಾದರೂ ಆಗಿದ್ದರೆ ಕುಣಿದಾಡುತ್ತಿದ್ದರು. ಚಲಪತಿಗೆ ಜೀವಮಾನದಲ್ಲಿ ಚಿನ್ನದ ಪದಕ ಸಿಕ್ಕಿರಲಿಲ್ಲ. ಆದರೂ ಅವನಿಗೆ ಅಳು ಬಂತು. ಆಡದೆ ಬರುವ ಪದಕ ಹಾಕಿಕೊಂಡು ಅವನು ಯಾವ ಮುಖ ಹೊತ್ತು ಬಸ್ಸು ಹತ್ತಬೇಕು?

"ಪಟ್ಟಿ ಎಷ್ಟು ಗಂಟೆಗೆ ಮುಚ್ತೀರಿ ಮೇಷ್ಟ್ರೇ?"

"ಒಂಬತ್ತೂವರೆಗೆ. ಅಲ್ಲೀತನಕ ಯಾರು ಬೇಕಾದ್ರೂ ಇನ್ನೊಂದ್ಸಲ ಹತ್ಬೋದು."

ಗೋಡೆಯ ಗಡಿಯಾರದಲ್ಲಿ ಒಂಬತ್ತಾಗಿ ಐದು ನಿಮಿಷ. ಒಂದೂವರೆ ಕೆ.ಜಿ. ಇಳಿಸುವುದು ಆಗದ ಮಾತು. ಏರಿಸುವುದು ಆದೀತು. ಚಲಪತಿ ಸುನೀಲನ ರಟ್ಟೆ ಹಿಡಿದು ಹೊರಕ್ಕೆ ಎಳೆದುಕೊಂಡು ಹೋದ.

ಮಂಟಪದ ಮೆಟ್ಟಿಲ ಮೇಲೆ ಕೂರಿಸಿ ಚಿತ್ರಾನ್ನದ ಡಬ್ಬಿ ಬಿಚ್ಚಿದ. "ತಿನ್ನು."

"ಅಷ್ಟೂನಾ?"

"ಮಾತಾಡ್ಬೇಡ, ತಿನ್ನು."

ಉಪವಾಸ ಬಿದ್ದ ಬಾಯಿಗೆ ಆಶಾರಾಣಿಯ ಚಿತ್ರಾನ್ನ ಅಮೃತವಾಯಿತು. ಡಬ್ಬಿ ಖಾಲಿಯಾದ ಮೇಲೆ ಬಾಳೆಹಣ್ಣು ಆರು, ಮಜ್ಜಿಗೆ ಪ್ಯಾಕೆಟ್ಟು ಎರಡು. ಮಧ್ಯಾಹ್ನ ತಾನು ಗುದ್ದಬೇಕಾದ ಹೊಟ್ಟೆಗೆ ಚಲಪತಿ ಬೆಳಗ್ಗೆ ಕೂತು ತಾಯಿಯ ಹಾಗೆ ಉಣಿಸಿದ. ರಸ್ತೆಯಲ್ಲಿ ಹೋಗುತ್ತಿದ್ದ ಹೆಂಗಸರು ನಿಂತು ನೋಡಿಕೊಂಡು ಹೋದರು.

ಮತ್ತೆ ಹತ್ತಿಸಿದಾಗ ಐವತ್ತೊಂಬತ್ತೂ ಎಂಟುನೂರು. ಒಂಬತ್ತು ಇಪ್ಪತ್ತಾರು. ಸುನೀಲ ಬಾಯಿ ಮುಚ್ಚಿಕೊಂಡು ತಲೆಯಾಡಿಸಿದ. ಇನ್ನು ಒಂದು ಗುಟುಕೂ ಹೋಗುವುದಿಲ್ಲ.

"ನನಗೋಸ್ಕರ ಕಣಪ್ಪ" ಎಂದ ಚಲಪತಿ. ಅರ್ಧ ಲೀಟರಿನ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ ಮುಂದೆ ಹಿಡಿದ.

ಸುನೀಲ ಅವನ ಮುಖ ನೋಡಿದ. ಬಾಟಲಿ ಕಿತ್ತುಕೊಂಡು ಕಣ್ಣು ಮುಚ್ಚಿ ಎತ್ತಿದ. ಮುಕ್ಕಾಲು ಕುಡಿದು ಯಂತ್ರ ಹತ್ತಿದ.

"ಅರವತ್ತೂ ಇನ್ನೂರು" ಎಂದು ಮೇಷ್ಟ್ರು ಎಲ್ಲರಿಗೂ ಕೇಳುವಂತೆ ಕೂಗಿದರು. ಅರವತ್ತರ ಪಟ್ಟಿಯಲ್ಲಿ ಅವನ ಹೆಸರು ಹೊಡೆದು ಅರವತ್ತೈದರ ಕೆಳಗೆ ಬರೆದುಕೊಂಡರು.

ಹನ್ನೆರಡಕ್ಕೆ ಗಂಟೆ ಹೊಡೆಯಿತು. ಮೂರು ಸುತ್ತಿನ ಆಟ. ಮೊದಲ ಸುತ್ತಿನಲ್ಲಿ ಚಲಪತಿ ಮುಖಕ್ಕೆ ಹೊಡೆದ, ಭುಜಕ್ಕೆ ಹೊಡೆದ, ಗ್ಲೌಸಿಗೆ ಹೊಡೆದ. ಹೊಟ್ಟೆಯ ಕಡೆಗೆ ಕೈ ಹೋಗಲಿಲ್ಲ. ಒಳಗಿದ್ದದ್ದೆಲ್ಲ ತಾನೇ ತುಂಬಿದ್ದು, ಹೇಗೆ ಹೊಡೆಯುವುದು? ಸುನೀಲ ಮಾತ್ರ ಯಾವ ದಾಕ್ಷಿಣ್ಯವೂ ಇಲ್ಲದೆ ಬಾರಿಸಿದ. ಸುತ್ತು ಅವನದಾಯಿತು.

ಎರಡನೇ ಸುತ್ತಿನಲ್ಲಿ ಇಬ್ಬರೂ ಅಪ್ಪಿ ಹಿಡಿದುಕೊಂಡಾಗ ಸುನೀಲ ಹಲ್ಲು ಕಡಿಯುತ್ತಾ ಇವನ ಕಿವಿಯಲ್ಲಿ ಅಂದ. "ಹೊಟ್ಟೆ ಬಿಟ್ಟು ಹೊಡೀತಿದ್ಯಲ್ಲೋ, ನಾನೇನು ಬಸುರಿ ಹೆಂಗಸಾ? ಕರುಣೆ ತೋರ್ಸೋಕೇ ನನ್ನ ಈ ಪಾಟಿ ತಿನ್ಸಿದ್ದಾ?"

ಚಲಪತಿಗೆ ಕಪಾಳಕ್ಕೆ ಬಿದ್ದಂತಾಯಿತು. ನಿಜ, ತಾನು ಮಾಡುತ್ತಿರುವುದು ಅವಮಾನ. ತಿಂಗಳು ಉಪವಾಸವಿದ್ದು ಬಂದವನಿಗೆ ಅರ್ಧ ಆಟ ಕೊಡುವುದು ಎಂಥ ಸ್ನೇಹ? ರೆಫರಿ ಬಿಡಿಸಿದ. ಚಲಪತಿ ಎಡಗೈ ತೋರಿಸಿ ಬಲಗೈಯನ್ನು ಹೊಟ್ಟೆಗೆ ಇಳಿಸಿದ, ಇಪ್ಪತ್ತು ವರ್ಷ ಕಲಿತದ್ದೆಲ್ಲ ಸೇರಿಸಿ. ಸುನೀಲ ಮಂಡಿಯೂರಿದ. ರೆಫರಿ ಎಂಟರ ತನಕ ಎಣಿಸಿದ. ಎದ್ದಾಗ ಸುನೀಲನ ಮುಖ ಬಿಳಿಚಿತ್ತು, ಆದರೆ ಅವನು ನಗುತ್ತಿದ್ದ.

ಮೂರನೇ ಸುತ್ತನ್ನು ನೋಡಿದವರು ಗೌರಿಬಿದನೂರಿನಲ್ಲಿ ಈಗಲೂ ಅದರ ಕಥೆ ಹೇಳುತ್ತಾರೆ. ಇಬ್ಬರೂ ಒಂದು ಹೆಜ್ಜೆಯೂ ಹಿಂದೆ ಇಡಲಿಲ್ಲ. ಮೊದಲು ಆಡಿ ಸೋತಿದ್ದ ಹುಡುಗರೆಲ್ಲ ಕುರ್ಚಿಯ ಮೇಲೆ ನಿಂತು ಕಿರುಚುತ್ತಿದ್ದರು. ಚಲಪತಿಯ ಬಾಯಲ್ಲಿ ರಕ್ತದ ರುಚಿ. ಅಷ್ಟು ಸುಖ ಅವನಿಗೆ ತನ್ನ ಮದುವೆಯ ದಿನವೂ ಆಗಿರಲಿಲ್ಲ. ಈ ಮಾತು ಆಶಾರಾಣಿಗೆ ಯಾರೂ ಹೇಳಬಾರದು.

ಐವರು ತೀರ್ಪುಗಾರರಲ್ಲಿ ಮೂವರು ಸುನೀಲನ ಕಡೆ, ಇಬ್ಬರು ಚಲಪತಿಯ ಕಡೆ. ರೆಫರಿ ಸುನೀಲನ ಕೈ ಎತ್ತಿದ. ಚಲಪತಿಗೆ ಬೇಜಾರಾಯಿತು, ಆಗಲಿಲ್ಲ ಎಂದರೆ ಸುಳ್ಳು. ಏಳು, ಆರು. ಇನ್ನು ಸರಿಮಾಡಲು ವರ್ಷವಿಲ್ಲ. ಆ ಬೇಜಾರು ರಿಂಗಿನಿಂದ ಇಳಿಯುವ ಹೊತ್ತಿಗೆ ಎದೆಯಲ್ಲಿ ಅರ್ಧದಷ್ಟೇ ಉಳಿದಿತ್ತು.

ಹಿತ್ತಲಿನ ನಲ್ಲಿಯ ಹತ್ತಿರ ಸುನೀಲ ಪದಕ ಹಾಕಿಕೊಂಡೇ ಬಗ್ಗಿ ವಾಂತಿ ಮಾಡುತ್ತಿದ್ದ. ಚಲಪತಿ ಅವನ ಬೆನ್ನು ನೀವುತ್ತಾ ನಿಂತ. ಅಷ್ಟರಲ್ಲಿ ವೆಂಕಟರವಣಪ್ಪ ಮೇಷ್ಟ್ರು ಬಂದರು.

"ಚಿಕ್ಕಬಳ್ಳಾಪುರದಲ್ಲಿ ಭಾನುವಾರ ಭಾನುವಾರ ಹುಡುಗ್ರಿಗೆ ಕಲಿಸ್ತಿದ್ದೀನಿ. ಅವರ ಎದುರಿಗೆ ನಿಂತ್ಕೊಳ್ಳೋರು ಬೇಕು. ಕಾರ್ಡ್ ಬೇಡ, ಪದಕ ಇಲ್ಲ, ಗೆದ್ದಿದ್ದು ಸೋತಿದ್ದು ಯಾರೂ ಬರೆಯೋದಿಲ್ಲ. ಬರ್ತೀರೇನಪ್ಪ?"

ಚಲಪತಿಯ ಕೈ ಸುನೀಲನ ಬೆನ್ನ ಮೇಲೆ ನಿಂತಿತು. "ಮೇಷ್ಟ್ರೇ, ನಾವಿಬ್ರೂ ಆಡ್ಬೋದಾ?"

"ಹುಡುಗ್ರಿಗೆ ತೋರ್ಸೋಕೆ ಯಾರಾದ್ರೂ ಆಡ್ಲೇಬೇಕಲ್ಲ. ಪ್ರತಿ ವಾರ ಆಡಿ."

ಪ್ರತಿ ವಾರ! ಚಲಪತಿ ನಲ್ಲಿಯ ಕಟ್ಟೆಯ ಮೇಲೆ ಕುಸಿದು ಕೂತ. ತುಟಿ ಒಡೆದಿದ್ದರೂ ನಗು ತಡೆಯಲಾಗಲಿಲ್ಲ.

"ಯಾರೂ ಬರೆಯಲ್ಲ ಅಂದ್ರೆ, ಇನ್ಮೇಲೆ ನಾನು ಸೋಲೋದೇ ಇಲ್ಲ ಕಣೋ" ಎಂದ.

ಸುನೀಲ ಮುಖ ತೊಳೆದುಕೊಂಡು, ಪದಕದಿಂದ ನೀರು ತೊಟ್ಟಿಕ್ಕುತ್ತಿದ್ದಂತೆ ಬಂದು ಅವನ ಪಕ್ಕದಲ್ಲಿ ಕೂತ.

"ಸೋಲ್ತೀಯ, ಪ್ರತಿ ಭಾನುವಾರ ಸೋಲ್ತೀಯ" ಎಂದ. "ಸೋತು, ಮುಂದಿನ ವಾರ ಮತ್ತೆ ಬರ್ತೀಯ."