ಹಳದಿ ಚುಕ್ಕೆಯ ಹಿಟ್ಟು

ಗಂಗಾಳಿಗೆ ಆ ಕೆಲಸ ಸಿಕ್ಕಿದ್ದು ಅವಳ ಅಕ್ಷರ ಚೆನ್ನಾಗಿದ್ದುದರಿಂದ. ತಾವರಗೇರಾದಿಂದ ಐದು ಕಿಲೋಮೀಟರ್ ಒಳಗಿರುವ ಅವರ ಊರಿಗೆ ಕೊಪ್ಪಳದ ಕಾಲೇಜೊಂದರಿಂದ ಅಮೃತಾ ಎಂಬ ಅಧ್ಯಾಪಕಿ ಬಂದಿದ್ದಳು. ರಕ್ತ ಕಡಿಮೆಯಿರುವ ಹೆಂಗಸರಿಗೆ ಆರು ತಿಂಗಳು ಹುರುಳಿ ಹಿಟ್ಟು ಕೊಟ್ಟು, ರಕ್ತ ಏರುತ್ತದೆಯೇ ಎಂದು ನೋಡುವುದು ಅವಳ ಸಂಶೋಧನೆ. ಮನೆಮನೆಗೆ ಹಿಟ್ಟು ಮುಟ್ಟಿಸಿ, ಯಾರು ಎಷ್ಟು ಉಂಡರೆಂದು ಬರೆದಿಡಲು ಊರಿನವಳೇ ಒಬ್ಬಳು ಬೇಕಾಗಿತ್ತು. ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ಗಂಗಾ ಪಿಯುಸಿ ಓದಿದವಳು. ತಾಯಿ ಇಲ್ಲದ ತಂಗಿ ರೂಪಾಳನ್ನು ಅವಳೇ ನೋಡಿಕೊಳ್ಳುತ್ತಿದ್ದಳು.

ಹುರುಳಿಯಲ್ಲಿ ಕಬ್ಬಿಣದ ಅಂಶಕ್ಕೇನೂ ಕೊರತೆಯಿಲ್ಲ, ಆದರೆ ಕಾಳಿನೊಳಗಿನ ಒಂದು ಪದಾರ್ಥ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ ಎಂದು ಅಮೃತಾ ಹೇಳಿಕೊಟ್ಟಳು. ಆ ಹಿಡಿತವನ್ನು ಬಿಡಿಸುವ ಕಿಣ್ವವನ್ನು ಮಣ್ಣಿನ ಒಂದು ಬ್ಯಾಕ್ಟೀರಿಯಾ ತಯಾರಿಸುತ್ತದೆ. ಅದನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಕಿಣ್ವ ತೆಗೆದು, ಅದನ್ನು ಬೆರೆಸಿದ ನೀರಿನಲ್ಲಿ ಹುರುಳಿ ನೆನೆಸಿ, ಒಣಗಿಸಿ ಬೀಸಿದ ಹಿಟ್ಟು ಅದು. ಗಂಗಾ ಇದನ್ನೇ ಹೆಂಗಸರಿಗೆ ತನ್ನ ಮಾತಿನಲ್ಲಿ ಹೇಳಿದಳು.

"ಇಷ್ಟು ದಿನ ನಾವು ಉಂಡ ಹುರುಳಿ ಹೊಟ್ಟಿಗೆ ಹೋಗತಿತ್ತು, ಮೈಗೆ ಹತ್ತತಿದ್ದಿಲ್ಲ. ಇದು ಮೈಗೆ ಹತ್ತತೈತಿ."

ಆದರೆ ಎಂಬತ್ನಾಲ್ಕು ಹೆಂಗಸರಲ್ಲಿ ಅರ್ಧ ಜನಕ್ಕೆ ಮಾತ್ರ ಕಿಣ್ವದ ಹಿಟ್ಟು. ಉಳಿದವರಿಗೆ ಬರೀ ನೀರಿನಲ್ಲಿ ನೆನೆಸಿದ ಹುರುಳಿಯದು. ಎರಡನ್ನೂ ಹೋಲಿಸಿದರೆ ಮಾತ್ರ ನಿಜ ತಿಳಿಯುತ್ತದೆ ಎಂದು ಅಮೃತಾ ಎಲ್ಲರಿಗೂ ಮೊದಲೇ ಹೇಳಿ ಒಪ್ಪಿಗೆ ಪಡೆದಿದ್ದಳು. ಆರು ತಿಂಗಳು ಮುಗಿದ ಮೇಲೆ ಒಳ್ಳೆಯ ಹಿಟ್ಟು ಎಲ್ಲರಿಗೂ ಬರುವುದಿತ್ತು. ಚೀಟಿ ಎತ್ತಿ ಹಂಚಿದರು. ಕೆಲವು ಚೀಲಗಳ ಮೇಲೆ ಹಳದಿ ಚುಕ್ಕೆ, ಕೆಲವುಗಳ ಮೇಲೆ ನೀಲಿ. ಯಾವುದು ಯಾವುದೆಂದು ಅಮೃತಾಳಿಗೂ ಗೊತ್ತಿರಲಿಲ್ಲ. ಕಾಲೇಜಿನ ಇನ್ನೊಬ್ಬರು ಅದನ್ನು ಬರೆದು ಲಕೋಟೆಯಲ್ಲಿ ಮುಚ್ಚಿಟ್ಟಿದ್ದರು.

ರೂಪಾಳಿಗೆ ಬಂದದ್ದು ನೀಲಿ. ಹನ್ನೆರಡು ಇರಬೇಕಾದಲ್ಲಿ ಅವಳ ರಕ್ತ ಏಳು ಪಾಯಿಂಟ್ ಆರು ಇತ್ತು. ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕೆಂದು ಲಿಖಿತ ಪರೀಕ್ಷೆ ಪಾಸು ಮಾಡಿದ್ದಳು. ನಾನೂರು ಮೀಟರ್ ಓಟ ಬಾಕಿ ಇತ್ತು. ತಾವರಗೇರಾದ ಶಾಲೆಯ ಮೈದಾನದಲ್ಲಿ ಓಡಿ ನೋಡುವಾಗ ಕಣ್ಣು ಕತ್ತಲಿಟ್ಟು ಬಿದ್ದುಬಿಟ್ಟಳು. ಕಬ್ಬಿಣದ ಗುಳಿಗೆ ತಿಂದರೆ ವಾಂತಿ ಬರುತ್ತದೆಂದು ಹಿತ್ತಲಿಗೆ ಎಸೆಯುತ್ತಿದ್ದಳು.

ಮೂರನೆಯ ತಿಂಗಳ ರಕ್ತ ಪರೀಕ್ಷೆಯ ಅಂಕಿಗಳನ್ನು ಪುಸ್ತಕಕ್ಕೆ ಏರಿಸುವಾಗ ಗಂಗಾಳ ಕೈ ನಿಧಾನವಾಯಿತು. ಹಳದಿ ಚುಕ್ಕೆಯವರ ಅಂಕಿಗಳು ಒಂದೊಂದಾಗಿ ಮೇಲೇರಿದ್ದವು. ನೀಲಿಯವರದು ಇದ್ದಲ್ಲೇ ಇತ್ತು. ಯಾವ ಲಕೋಟೆಯನ್ನೂ ಒಡೆಯಬೇಕಾಗಿರಲಿಲ್ಲ.

ಮುಂದಿನ ವಾರ ಉಳಿದ ಮೂರು ತಿಂಗಳಿಗೆ ಸಾಲುವ ಹೊಸ ಚೀಲಗಳು ಬಂದವು. ಮಧ್ಯಾಹ್ನ ಸಮುದಾಯ ಭವನದಲ್ಲಿ ಅವಳೊಬ್ಬಳೇ ಕೂತು ಹೆಸರಿನ ಚೀಟಿಗಳನ್ನು ಅಂಟಿಸುತ್ತಿದ್ದಳು. ಮೂವತ್ತೊಂದನೆಯ ಹೆಸರು ರೂಪಾ. ಮೂವತ್ತೆರಡು ಗಾಳೆಮ್ಮ, ಅದೇ ಓಣಿಯ ಸಣ್ಣವ್ವನ ಸೊಸೆ. ಗಂಗಾ ಆ ಎರಡು ಚೀಟಿಗಳನ್ನು ಅದಲುಬದಲು ಮಾಡಿದಳು. ಗಾಳೆಮ್ಮನ ಮೇಲೆ ಅವಳಿಗೆ ಯಾವ ಸಿಟ್ಟೂ ಇರಲಿಲ್ಲ. ಪಟ್ಟಿಯಲ್ಲಿ ಹಳದಿಯವರ ಪೈಕಿ ರೂಪಾಳಿಗೆ ಹತ್ತಿರವಿದ್ದ ಹೆಸರು ಅದಾಗಿತ್ತು, ಅಷ್ಟೇ.

ಗಾಳೆಮ್ಮ ಯಲಬುರ್ಗಾ ಕಡೆಯಿಂದ ಮದುವೆಯಾಗಿ ಬಂದು ವರ್ಷವಾಗಿತ್ತು. ಹೆಚ್ಚು ಮಾತಿನವಳಲ್ಲ. ಗಂಗಾ ಚೀಲ ಕೊಡಲು ಹೋದಾಗ ಬಾಗಿಲಿಗೆ ಬಂದು, "ಈಗ ನೀರಿನ ಕೊಡ ಹೊತ್ತು ಬರುವಾಗ ಎದಿ ಹೊಡಕೊಳ್ಳಾದು ಕಮ್ಮಿ ಆಗೇತಿ ಅಕ್ಕಾ," ಎಂದಳು. ಅವಳ ರಕ್ತ ಏಳು ಪಾಯಿಂಟ್ ಒಂಬತ್ತರಿಂದ ಎಂಟು ಪಾಯಿಂಟ್ ಎಂಟಕ್ಕೆ ಏರಿತ್ತು. ಗಂಗಾ ನೀಲಿ ಚುಕ್ಕೆಯ ಚೀಲವನ್ನು ಅವಳ ಕೈಗಿತ್ತಳು. ಚುಕ್ಕೆಯ ಬಣ್ಣ ಯಾಕೆ ಬೇರೆಯಾಯಿತೆಂದು ಗಾಳೆಮ್ಮ ಕೇಳಲಿಲ್ಲ.

ಎರಡು ತಿಂಗಳಲ್ಲಿ ರೂಪಾಳ ತುಟಿಗೆ ಬಣ್ಣ ಬಂತು. ಐದನೆಯ ತಿಂಗಳು ಅವಳು ಓಟದಲ್ಲಿ ಪಾಸಾಗಿ, ಆಯ್ಕೆಯಾಗಿ ಕಲಬುರಗಿಗೆ ತರಬೇತಿಗೆ ಹೊರಟಳು. ಬಸ್ಸು ಹತ್ತಿಸಿ ಬರುವಾಗ ಗಂಗಾಳಿಗೆ ಖುಷಿ ಎನ್ನಿಸಿದ್ದು ಸುಳ್ಳಲ್ಲ.

ಆರನೆಯ ತಿಂಗಳು, ತರಬೇತಿಯಲ್ಲಿದ್ದ ರೂಪಾಳನ್ನು ಬಿಟ್ಟು ಉಳಿದವರ ಕೊನೆಯ ಪರೀಕ್ಷೆ ಮುಗಿಸಿ ಅಮೃತಾ ಲಕೋಟೆ ಒಡೆದಳು. ಹಳದಿಯೇ ಕಿಣ್ವದ ಹಿಟ್ಟಾಗಿತ್ತು. ಅವಳು ಸಂತೋಷದಿಂದ ಗಂಗಾಳಿಗೆ ಫೋನು ಮಾಡಿ, ಮೂವತ್ತೆರಡನೆಯವಳು ಮಾತ್ರ ಏರಿ ಮತ್ತೆ ಇಳಿದಿದ್ದಾಳೆ, ಬಸುರಿಯಾದದ್ದಕ್ಕೆ ಇರಬಹುದು ಎಂದಳು. ಗಾಳೆಮ್ಮನಿಗೆ ಆಗ ಎರಡು ತಿಂಗಳು. ರಕ್ತ ಮತ್ತೆ ಎಂಟರ ಕೆಳಗೆ ಬಂದಿತ್ತು. ಆಗ ಹೇಳಬಹುದಾಗಿತ್ತು. ಗಂಗಾ, ಇರಬಹುದು ಎಂದಷ್ಟೇ ಹೇಳಿ ಫೋನು ಇಟ್ಟಳು.

ಎಲ್ಲರಿಗೂ ಹೊಸ ಹಿಟ್ಟು ಬರಲು ಮೂರು ತಿಂಗಳು ಹಿಡಿಯಿತು. ಬಂದ ದಿನದಿಂದ ಗಂಗಾ ತನ್ನ ಮನೆಯ ಪಾಲನ್ನೂ ಗಾಳೆಮ್ಮನಿಗೇ ಒಯ್ದು ಕೊಟ್ಟಳು, ಗುಳಿಗೆ ನುಂಗಿದಳೋ ಇಲ್ಲವೋ ಎಂದು ದಿನಾ ಕೇಳಿದಳು. ಗಾಳೆಮ್ಮನಿಗೂ ಗುಳಿಗೆ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಪಾದ ಊದಿಕೊಂಡು, ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬಿಡುತ್ತಿದ್ದಳು.

ಎಂಟು ತಿಂಗಳು ತುಂಬುವ ಹೊತ್ತಿಗೆ ಒಂದು ಬೆಳಿಗ್ಗೆ ರಕ್ತ ಹೋಗಲು ಶುರುವಾಯಿತು. ಕುಷ್ಟಗಿಯಲ್ಲಿ ನೋಡಿದ ವೈದ್ಯರು ತಡಮಾಡದೆ ಕೊಪ್ಪಳಕ್ಕೆ ಕಳಿಸಿದರು. ಆಂಬುಲೆನ್ಸಿನಲ್ಲಿ ಸಣ್ಣವ್ವನ ಜೊತೆ ಗಂಗಾ ಇದ್ದಳು. ಗಾಳೆಮ್ಮ ದಾರಿಯುದ್ದಕ್ಕೂ ಅವಳ ಮುಂಗೈ ಹಿಡಿದುಕೊಂಡಿದ್ದಳು. ಆ ಬೆರಳುಗಳು ತಣ್ಣಗಿದ್ದವು. ಕೊಪ್ಪಳದಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಹೆಣ್ಣುಕೂಸನ್ನು ಉಳಿಸಿದರು. ರಕ್ತ ಕೊಟ್ಟರೂ ತಾಯಿ ಮಧ್ಯಾಹ್ನ ಎರಡಕ್ಕೆ ತೀರಿಕೊಂಡಳು. ಇಷ್ಟು ರಕ್ತ ಹೋದರೂ ತಡೆದುಕೊಳ್ಳುವವರಿದ್ದಾರೆ, ಇವಳ ಮೈಯಲ್ಲಿ ಮೊದಲೇ ಇರಲಿಲ್ಲ ಎಂದು ವೈದ್ಯೆ ಗಾಳೆಮ್ಮನ ಗಂಡ ಪರಮೇಶನಿಗೆ ಹೇಳುತ್ತಿದ್ದುದು ಗಂಗಾಳಿಗೆ ಕೇಳಿಸಿತು.

ಗಾಳೆಮ್ಮನ ದಿನಕರ್ಮ ಮುಗಿದ ಮೇಲೆ ಗಂಗಾ ಕೊಪ್ಪಳಕ್ಕೆ ಹೋಗಿ ಅಮೃತಾಳ ಮುಂದೆ ಎಲ್ಲವನ್ನೂ ಹೇಳಿದಳು. ಅಮೃತಾ ಪುಸ್ತಕ ತೆರೆದು ಆ ಎರಡು ಹೆಸರುಗಳ ಸಾಲು ಹುಡುಕಿದಳು. ಗಂಗಾಳ ಕೈಗೆ ತಂಗಿಯ ಚೀಲವನ್ನೂ ಕೊಟ್ಟದ್ದು ತನ್ನದೇ ತಪ್ಪು ಎಂದಳು. ಎರಡೂ ಹೆಸರುಗಳನ್ನು ಲೆಕ್ಕದಿಂದ ತೆಗೆದು, ಯಾಕೆ ತೆಗೆದೆನೆಂದು ವರದಿಯಲ್ಲಿ ಬರೆಯುತ್ತೇನೆ, ನಿನ್ನನ್ನು ಇನ್ನು ಕೆಲಸದಲ್ಲಿ ಇಟ್ಟುಕೊಳ್ಳಲಾರೆ ಎಂದಳು. ಗಂಗಾ ಕೇಳಬೇಕೆಂದಿದ್ದದ್ದು ಒಂದೇ ಮಾತು. ಹಿಟ್ಟು ಬದಲಿಸದಿದ್ದರೆ ಗಾಳೆಮ್ಮ ಉಳಿಯುತ್ತಿದ್ದಳೇ?

"ನನಗ ಹೇಳಾಕ ಬರಂಗಿಲ್ಲ ಗಂಗಾ," ಎಂದಳು ಅಮೃತಾ. "ಉಳೀತಿದ್ಲು ಅಂದ್ರೂ ಸುಳ್ಳಾಗತೈತಿ, ಉಳೀತಿದ್ದಿಲ್ಲ ಅಂದ್ರೂ ಸುಳ್ಳಾಗತೈತಿ."

ಊರಿಗೆ ಮರಳಿ ಗಂಗಾ ನೇರವಾಗಿ ಸಣ್ಣವ್ವನ ಮನೆಗೆ ಹೋದಳು. ಕೂಸನ್ನು ಗಾಳೆಮ್ಮನ ತವರಿನವರು ಒಯ್ದಿದ್ದರು. ಸಣ್ಣವ್ವ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಗಂಗಾ ಹೇಳುತ್ತ ಹೋದಂತೆ ಮೊರದ ಮೇಲಿನ ಅವಳ ಕೈ ನಿಂತಿತು. ಅಳುತ್ತಾಳೆ, ಬೈಯುತ್ತಾಳೆ, ಓಣಿಯನ್ನೆಲ್ಲ ಕರೆಯುತ್ತಾಳೆ ಎಂದು ಗಂಗಾ ಕಾದಳು.

"ಕೊನೀ ಸಲ ರಕ್ತ ನೋಡಿದಾಗ ಇಳದೈತಿ ಅಂದ್ರಲ್ಲ," ಎಂದಳು ಸಣ್ಣವ್ವ. "ಆವಾಗಿಂದ ನಾ ಆಕಿನ್ನ ಬೈಕೋತ ಬಂದೆ. ಹಿಟ್ಟು ಉಣ್ಣಲಾರದ ಎಲ್ಲೋ ಚೆಲ್ಲೀದಿ, ನಿನಗ ಜೀವದ ಮ್ಯಾಲ ಕಾಳಜಿ ಇಲ್ಲ ಅಂತ. ಎಲ್ಲಾ ಉಂಡೀನಿ ಅತ್ತಿ, ಒಂದು ಚೂರೂ ಬಿಟ್ಟಿಲ್ಲ ಅಂತಿದ್ಲು. ನಾ ನಂಬಲಿಲ್ಲ."

ಸಣ್ಣವ್ವ ಮೊರವನ್ನು ಪಕ್ಕಕ್ಕಿಟ್ಟಳು.

"ಖರೇನ ಹೇಳ್ಯಾಳ ಆಕಿ," ಎಂದಳು ಸಣ್ಣವ್ವ. "ನೀ ಇನ್ನ ನಡಿ."

ಅಂದಿನಿಂದ ಓಣಿಯಲ್ಲಿ ಎದುರಾದರೆ ಸಣ್ಣವ್ವ ಮುಖ ತಿರುಗಿಸುವುದಿಲ್ಲ, ಮಾತೂ ಆಡುವುದಿಲ್ಲ. ಸುದ್ದಿಯನ್ನು ಅವಳು ಯಾರಿಗೂ ಹೇಳಲಿಲ್ಲವೆಂದು ಗಂಗಾಳಿಗೆ ತಿಳಿದದ್ದು, ಊರಿನ ಹೆಂಗಸರು ಎಂದಿನಂತೆ ಅವಳನ್ನು ಕಳೆ ತೆಗೆಯಲು ಕರೆಯುತ್ತಲೇ ಇದ್ದುದರಿಂದ. ಬೈದಿದ್ದರೆ ಹಗುರಾಗುತ್ತಿತ್ತೇನೋ.

ರೂಪಾಳಿಗೆ ಫೋನಿನಲ್ಲಿ ಹೇಳಿದಾಗ ಅವಳು ಫೋನು ಇಟ್ಟುಬಿಟ್ಟಳು. ಆಮೇಲೆ ಒಂದೂವರೆ ತಿಂಗಳು ಅವಳು ಫೋನು ಮಾಡಲಿಲ್ಲ. ಎರಡು ದಿನದ ರಜೆಗೆ ಬಂದವಳು ಬಸ್ಸಿಳಿದು ಮನೆಗೆ ಬರದೆ ಸಣ್ಣವ್ವನ ಮನೆಗೆ ಹೋದಳು. ಅಲ್ಲಿಂದ ಬಂದಾಗ ಸಂಜೆಯಾಗಿತ್ತು. ಅಲ್ಲಿ ಏನಾಯಿತೆಂದು ಗಂಗಾ ಕೇಳಲಿಲ್ಲ. ರೂಪಾ ಬ್ಯಾಗನ್ನು ಗೋಡೆಗೆ ಒರಗಿಸಿ ಅವಳೆದುರು ಕೂತಳು.

"ನನ್ನ ಒಂದು ಮಾತು ಕೇಳಬೇಕಿತ್ತಕ್ಕಾ."

"ಕೇಳಿದ್ರ ಬ್ಯಾಡ ಅಂತಿದ್ದಿ."

"ಹೌದು," ಎಂದಳು ರೂಪಾ. "ಅದಕ್ಕ ಕೇಳಬೇಕಿತ್ತು."

ಗಂಗಾ ಎದ್ದು ಒಲೆ ಹಚ್ಚಿದಳು. ಇಬ್ಬರೂ ರೊಟ್ಟಿ ಮುರಿದುಕೊಂಡು ಉಂಡರು. ಮರುದಿನ ರೂಪಾ ಯಲಬುರ್ಗಾದ ಬಸ್ಸು ಹತ್ತಿದಳು, ಗಾಳೆಮ್ಮನ ತವರಿನಲ್ಲಿರುವ ಕೂಸನ್ನು ನೋಡಿ ಅಲ್ಲಿಂದಲೇ ಕಲಬುರಗಿಗೆ ಹೋಗುತ್ತೇನೆಂದಳು. ತಾನೂ ಬರಲೇ ಎಂದು ಗಂಗಾ ಕೇಳಿದ್ದಕ್ಕೆ, ಈಗ ಬೇಡ ಎಂದಳು.